ಫ್ಯಾಟಿ ಲಿವರ್: ರಕ್ತದ ರಿಪೋರ್ಟಿನ ಅಂಕಿಗಳು ಏನು ಹೇಳುತ್ತವೆ, ಎಲ್ಲಿ ಎಡವುತ್ತವೆ

ಕಲಬುರಗಿಯ ಯಾವುದೇ ಸ್ಕ್ಯಾನಿಂಗ್ ಸೆಂಟರಿನಿಂದ ಹೊರಬಂದ ಫೈಲು ತೆರೆದು ನೋಡಿ. ಹೋದದ್ದು ಕಿಡ್ನಿ ಕಲ್ಲಿಗೋ ಹೊಟ್ಟೆನೋವಿಗೋ ಇರಬಹುದು, ಕೊನೆಗೆ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಒಂದು ಸಾಲು ಮಾತ್ರ ಆಗಾಗ ಸಿಗುತ್ತದೆ. ಮೈ ಸ್ವಲ್ಪ ದಪ್ಪ ಇದ್ದವರಿಗಂತೂ ಆ ಸಾಲು ತಪ್ಪುವುದು ಅಪರೂಪ. ಬಹಳ ವರ್ಷ ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ‘ಎಣ್ಣೆ ಕಡಿಮೆ ಮಾಡ್ರಿ’ ಎನ್ನುವಲ್ಲಿಗೆ ಮಾತು ಮುಗಿಯುತ್ತಿತ್ತು.

ಈಗ ಕೇಳುವವರು ಹೆಚ್ಚಾಗಿದ್ದಾರೆ, ಅದಕ್ಕೆ ಕಾರಣವೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಈ ಕಾಯಿಲೆಯನ್ನು ಶುಗರ್, ಬಿಪಿ, ಕ್ಯಾನ್ಸರ್‌ಗಳಿಗಾಗಿ ನಡೆಸುವ ರಾಷ್ಟ್ರೀಯ ಕಾರ್ಯಕ್ರಮದೊಳಕ್ಕೆ ತಂದಿತು. ಅಮೆರಿಕದ ಔಷಧ ನಿಯಂತ್ರಕರು 2024ರ ಮಾರ್ಚ್‌ನಲ್ಲಿ ರೆಸ್ಮೆಟಿರಮ್ ಎಂಬ ಮಾತ್ರೆಗೂ, 2025ರ ಆಗಸ್ಟ್‌ನಲ್ಲಿ ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ನಿಗೂ ಇದೇ ಕಾಯಿಲೆಯ ಮುಂದುವರಿದ ಒಂದು ರೂಪಕ್ಕಾಗಿ ಒಪ್ಪಿಗೆ ಕೊಟ್ಟರು. ಆ ಎರಡೂ ಔಷಧಗಳು ಲಿವರ್ ಒಂದು ಮಟ್ಟಕ್ಕೆ ನಾರುಗಟ್ಟಿದವರಿಗೆ, ಅಂದರೆ ಗಾಯದ ಕಲೆಯಂತೆ ಗಟ್ಟಿಯಾದವರಿಗೆ ಮಾತ್ರ. ಹಾಗಾದರೆ ಯಾರ ಲಿವರ್ ನಾರುಗಟ್ಟಿದೆ, ಯಾರದು ಇಲ್ಲ ಎಂದು ತಿಳಿಯುವುದು ಹೇಗೆ? ದಪ್ಪ ಇರುವ ಪ್ರತಿಯೊಬ್ಬರ ಲಿವರಿಗೂ ಸೂಜಿ ಹಾಕಿ ಚೂರು ತೆಗೆದು ನೋಡಲಾಗದು. ರಕ್ತದ ಪರೀಕ್ಷೆಗಳಿಗೆ ಬೆಲೆ ಬಂದದ್ದು ಇಲ್ಲಿ.

ಲಿವರಿನಲ್ಲಿ ಕೊಬ್ಬು ಅಂದರೆ

ಆರೋಗ್ಯವಾದ ಲಿವರಿನಲ್ಲೂ ಚೂರು ಕೊಬ್ಬು ಇದ್ದೇ ಇರುತ್ತದೆ. ನೂರು ಕೋಶಗಳಲ್ಲಿ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿ ಕಂಡರೆ ಅದು ಫ್ಯಾಟಿ ಲಿವರ್. 2023ರಲ್ಲಿ ಲಿವರ್ ತಜ್ಞರ ಅಂತರರಾಷ್ಟ್ರೀಯ ಸಂಘಗಳು ಸೇರಿ ಇದರ ಹೆಸರನ್ನು ಎನ್‌ಎಎಫ್‌ಎಲ್‌ಡಿ ಎಂಬುದರಿಂದ ಎಂಎಎಸ್‌ಎಲ್‌ಡಿ ಎಂದು ಬದಲಿಸಿದವು. ಹಳೆಯ ಹೆಸರು ‘ಕುಡಿತದಿಂದ ಬಂದದ್ದಲ್ಲ’ ಎಂದಷ್ಟೇ ಹೇಳುತ್ತಿತ್ತು. ಹೊಸದು ಬೊಜ್ಜು, ಶುಗರ್, ಬಿಪಿ, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್‌ಗಳ ಜೊತೆಗಿನ ನಂಟನ್ನು ನೇರವಾಗಿ ಹೇಳುತ್ತದೆ. ರಿಪೋರ್ಟುಗಳಲ್ಲಿ ಎರಡೂ ಹೆಸರು ಕಾಣುತ್ತವೆ, ಕಾಯಿಲೆ ಒಂದೇ.

ದವಾಖಾನೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ: ‘ನಾವು ಉಣ್ಣೋದು ಜೋಳದ ರೊಟ್ಟಿ, ಎಣ್ಣಿ ಭಾಳ ಮುಟ್ಟಂಗಿಲ್ಲ, ಲಿವರ್‌ದಾಗ ಕೊಬ್ಬು ಎಲ್ಲಿಂದ ಬಂತು?’ ಲಿವರ್ ಸೇರುವ ಕೊಬ್ಬಿನಲ್ಲಿ ಊಟದ ಕೊಬ್ಬಿನಿಂದ ನೇರವಾಗಿ ಬರುವುದು ಸುಮಾರು ಶೇ 15 ಮಾತ್ರ. ಶೇ 60ರಷ್ಟು ಬರುವುದು ಹೊಟ್ಟೆ ಮತ್ತು ಮೈಯ ಬೊಜ್ಜು ಕರಗಿ ರಕ್ತಕ್ಕೆ ಸೇರುವ ಕೊಬ್ಬಿನಾಮ್ಲಗಳಿಂದ. ಉಳಿದ ಕಾಲುಭಾಗವನ್ನು ಲಿವರೇ ಸಕ್ಕರೆ, ಅನ್ನ, ಮೈದಾಗಳಿಂದ ತಯಾರಿಸುತ್ತದೆ. ರೊಟ್ಟಿಯ ತಪ್ಪು ಇಲ್ಲ. ದಿನಕ್ಕೆ ಆರು ಸಲ ಕುಡಿಯುವ ಸಕ್ಕರೆ ಚಹಾ ಮತ್ತು ಕೂತು ಮಾಡುವ ಕೆಲಸದ ಲೆಕ್ಕ ಯಾರೂ ಹಿಡಿಯುವುದಿಲ್ಲ, ಅಷ್ಟೇ.

ಕಾಯಿಲೆ ಮುಂದುವರಿಯುವ ಬಗೆಯನ್ನು ನಮ್ಮ ದಾಲ್ ಮಿಲ್ಲಿನ ಗೋದಾಮಿಗೆ ಹೋಲಿಸಬಹುದು. ತೊಗರಿ ಚೀಲ ಹೆಚ್ಚಾಗಿ ಓಡಾಡುವ ದಾರಿಯಲ್ಲೂ ಪೇರಿಸಿಟ್ಟರೆ ಅದು ಬರೀ ಕೊಬ್ಬಿನ ಹಂತ. ಚೀಲ ಖಾಲಿ ಮಾಡಿದರೆ ಗೋದಾಮು ಮೊದಲಿನಂತಾಗುತ್ತದೆ. ಚೀಲಗಳೊಳಗೆ ಬಿಸಿ ಹುಟ್ಟಿ ಹುಳ ಬಿದ್ದರೆ ಅದು ಉರಿಯೂತದ ಹಂತ. ಗೋಡೆಯೇ ಕೆಟ್ಟು ಅಲ್ಲಲ್ಲಿ ಅಡ್ಡಾದಿಡ್ಡಿ ತೇಪೆ ಬಿದ್ದರೆ ಅದು ನಾರುಗಟ್ಟುವ ಹಂತ, ಅಂದರೆ ಫೈಬ್ರೋಸಿಸ್. ಇದನ್ನು ಎಫ್0ಯಿಂದ ಎಫ್4ರವರೆಗೆ ಅಳೆಯುತ್ತಾರೆ. ಎಫ್4 ಎಂದರೆ ಸಿರೋಸಿಸ್, ಲಿವರ್ ತುಂಬ ನಾರು ಹರಡಿ ಗಟ್ಟಿಯಾದ ಸ್ಥಿತಿ. ಮೇಲೆ ಹೇಳಿದ ಔಷಧಗಳು ಎಫ್2, ಎಫ್3 ಹಂತದವರಿಗೆ.

ಸ್ಥೂಲಕಾಯದವರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಲಿವರಿನಲ್ಲಿ ಕೊಬ್ಬು ಇರುತ್ತದೆ. ಹೀಗಿರುವಾಗ ದಪ್ಪ ಮೈಯವರಿಗೆ ‘ಕೊಬ್ಬು ಇದೆಯೇ’ ಎಂದು ಕೇಳುವುದರಿಂದ ಹೊಸದೇನೂ ತಿಳಿಯದು. ಮುಂದೆ ಲಿವರ್ ಕೈಕೊಡುತ್ತದೆಯೇ, ಆಯುಷ್ಯ ಕಡಿಮೆಯಾಗುತ್ತದೆಯೇ ಎಂಬುದು ಎಲ್ಲಕ್ಕಿಂತ ಹೆಚ್ಚಾಗಿ ನಾರಿನ ಹಂತವನ್ನೇ ಅವಲಂಬಿಸಿದೆ. ಕೇಳಬೇಕಾದದ್ದು ‘ನಾರು ಇದೆಯೇ’ ಎಂದು.

ಸ್ಕ್ಯಾನಿಂಗಿನ ಗ್ರೇಡು ನಾರಿನ ಗ್ರೇಡಲ್ಲ

ಇಲ್ಲೊಂದು ದೊಡ್ಡ ಗೊಂದಲವಿದೆ. ಅಲ್ಟ್ರಾಸೌಂಡ್ ರಿಪೋರ್ಟಿನ ಗ್ರೇಡ್ 1, 2, 3 ಎಂಬುದು ಲಿವರ್ ಎಷ್ಟು ಬೆಳ್ಳಗೆ ಕಾಣುತ್ತದೆ, ಅಂದರೆ ಕೊಬ್ಬು ಎಷ್ಟಿದೆ ಎಂಬುದರ ಅಂದಾಜು. ಗ್ರೇಡ್ 3 ಇದ್ದವರಲ್ಲಿ ನಾರು ಇಲ್ಲದಿರಬಹುದು, ಗ್ರೇಡ್ 1 ಇದ್ದವರಲ್ಲಿ ಎಫ್3 ಇರಬಹುದು. ಸಿರೋಸಿಸ್ ಹತ್ತಿರವಾದಾಗ ಲಿವರಿನ ಕೊಬ್ಬು ತಾನಾಗಿ ಕಡಿಮೆಯಾಗುವುದೂ ಉಂಟು. ‘ಹೋದ ವರ್ಷ ಗ್ರೇಡ್ 2 ಇತ್ತು, ಈಗ 1ಕ್ಕೆ ಇಳಿದಿದೆ’ ಎಂಬ ಸಮಾಧಾನ ಎಲ್ಲ ಸಲವೂ ಸರಿಯಲ್ಲ.

ಮೇಲಾಗಿ ಕೊಬ್ಬು ಶೇ 20ರಿಂದ 30ರಷ್ಟು ಆಗುವವರೆಗೆ ಸಾಮಾನ್ಯ ಅಲ್ಟ್ರಾಸೌಂಡಿಗೆ ಅದು ಸರಿಯಾಗಿ ಕಾಣುವುದಿಲ್ಲ. ಹೊಟ್ಟೆಯ ಚರ್ಮದ ಕೆಳಗೆ ಬೊಜ್ಜು ದಪ್ಪ ಇದ್ದರೆ ಶಬ್ದದ ಅಲೆ ಒಳಗೆ ಹೋಗುವಷ್ಟರಲ್ಲೇ ಸೊರಗಿ, ಚಿತ್ರ ಇನ್ನಷ್ಟು ಮಸುಕಾಗುತ್ತದೆ.

ಎಸ್‌ಜಿಪಿಟಿ ನಾರ್ಮಲ್ ಬಂದರೆ

ಬಯೋಮಾರ್ಕರ್ ಎಂದರೆ ಒಳಗೆ ನಡೆಯುತ್ತಿರುವುದನ್ನು ಹೊರಗಿನಿಂದ ಅಳೆದು ತಿಳಿಸುವ ಯಾವುದೇ ಗುರುತು. ಲಿವರಿನ ಮಟ್ಟಿಗೆ ಎಲ್ಲರಿಗೂ ಗೊತ್ತಿರುವ ಗುರುತುಗಳು ಎಸ್‌ಜಿಪಿಟಿ ಮತ್ತು ಎಸ್‌ಜಿಒಟಿ. ಕೆಲವು ಲ್ಯಾಬ್‌ಗಳು ಇವನ್ನೇ ಕ್ರಮವಾಗಿ ಎಎಲ್‌ಟಿ, ಎಎಸ್‌ಟಿ ಎಂದು ಅಚ್ಚು ಹಾಕುತ್ತವೆ. ಇವು ಲಿವರ್ ಕೋಶದೊಳಗಿನ ಕಿಣ್ವಗಳು. ಕೋಶ ಕೆಟ್ಟಾಗ ರಕ್ತಕ್ಕೆ ಸೋರುತ್ತವೆ.

ಹಾಗಾಗಿ ಇವು ತಿಳಿಸುವುದು ಇವತ್ತಿನ ಸೋರಿಕೆಯನ್ನು. ವರ್ಷಗಟ್ಟಲೆ ಕೂಡಿಬಿದ್ದ ನಾರನ್ನು ಇವು ತೋರಿಸವು. ಫ್ಯಾಟಿ ಲಿವರ್ ಇರುವ ಬಹಳ ಜನರಲ್ಲಿ, ನಾರು ಮುಂದುವರಿದವರಲ್ಲೂ, ಎಸ್‌ಜಿಪಿಟಿ ಲ್ಯಾಬಿನ ಮಿತಿಯೊಳಗೇ ಇರಬಹುದು. ಆ ಮಿತಿಯೂ ಸಡಿಲ: ರಿಪೋರ್ಟಿನಲ್ಲಿ 40 ಅಥವಾ 50ರವರೆಗೂ ‘ನಾರ್ಮಲ್’ ಎಂದು ಇರುತ್ತದೆ. ಅಮೆರಿಕದ ಜಠರ-ಕರುಳು ತಜ್ಞರ ಸಂಘದ ಪ್ರಕಾರ ನಿಜವಾದ ಮೇಲ್ಮಿತಿ ಗಂಡಸರಿಗೆ 29ರಿಂದ 33, ಹೆಂಗಸರಿಗೆ 19ರಿಂದ 25. ದಪ್ಪ ಮೈಯ ಹೆಂಗಸಿಗೆ ಎಸ್‌ಜಿಪಿಟಿ 38 ಬಂದರೆ ಲ್ಯಾಬ್ ಅದಕ್ಕೆ ಕೆಂಪು ಗುರುತು ಹಾಕದಿರಬಹುದು. ವೈದ್ಯರ ಕಣ್ಣಿಗೆ ಅದು ಬೀಳಬೇಕು.

ಕಣ್ಣಿಗೆ ಹಳದಿ ಬಣ್ಣ ತರುವ ಬಿಲಿರುಬಿನ್ ವಿಷಯವೂ ಹೀಗೇ. ನಮ್ಮ ಕಡೆ ಲಿವರ್ ಎಂದರೆ ಮೊದಲು ನೆನಪಾಗುವುದು ಕಾಮಣಿ. ಕಣ್ಣು ಹಳದಿಯಾಗಿಲ್ಲ ಎಂದರೆ ಲಿವರ್ ಗಟ್ಟಿ ಎಂಬ ನಂಬಿಕೆ ಇದೆ. ಫ್ಯಾಟಿ ಲಿವರಿನಲ್ಲಿ ಬಿಲಿರುಬಿನ್ ಏರುವುದು, ಲಿವರ್ ತಯಾರಿಸುವ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿಯುವುದು ಸಾಮಾನ್ಯವಾಗಿ ತೀರ ಕೊನೆಯ ಹಂತದಲ್ಲಿ.

ನಾಲ್ಕು ಅಂಕಿಯ ಲೆಕ್ಕ: ಫಿಬ್-4

ಹೊಸ ಪರೀಕ್ಷೆ ಮಾಡಿಸದೆ, ಫೈಲಿನಲ್ಲಿ ಈಗಾಗಲೇ ಇರುವ ಅಂಕಿಗಳಿಂದ ನಾರಿನ ಅಂದಾಜು ಮಾಡುವ ಲೆಕ್ಕ ಒಂದಿದೆ. ಹೆಸರು ಫಿಬ್-4. 2006ರಲ್ಲಿ ಇದು ಹುಟ್ಟಿದ್ದು ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದ ರೋಗಿಗಳಿಗಾಗಿ. ಫ್ಯಾಟಿ ಲಿವರಿಗೂ ಹೊಂದುತ್ತದೆ ಎಂದು ಆಮೇಲೆ ಕಂಡುಬಂತು. ಬೇಕಾದದ್ದು ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್. ಅಂದರೆ ಒಂದು ಎಲ್‌ಎಫ್‌ಟಿ (ಲಿವರಿನ ರಕ್ತಪರೀಕ್ಷೆ), ಒಂದು ಸಿಬಿಸಿ (ರಕ್ತಕಣಗಳ ಎಣಿಕೆ). ಚಿಂಚೋಳಿ, ಸುರಪುರ, ಔರಾದದಂಥ ತಾಲ್ಲೂಕಿನಿಂದ ದೊಡ್ಡ ಯಂತ್ರಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತುವ ಮೊದಲು, ಹತ್ತಬೇಕೇ ಬೇಡವೇ ಎಂದು ತಿಳಿಯಲು ಇಷ್ಟು ಸಾಕು.

ಲೆಕ್ಕ ಹೀಗಿದೆ: ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಎಸ್‌ಜಿಪಿಟಿಯ ವರ್ಗಮೂಲ ತೆಗೆದು ಅದನ್ನು ಪ್ಲೇಟ್‌ಲೆಟ್‌ನಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

ಹೆಚ್ಚು ಜನ ಎಡವುವುದು ಪ್ಲೇಟ್‌ಲೆಟ್‌ನಲ್ಲಿ. ನಮ್ಮ ಲ್ಯಾಬ್‌ಗಳು ಅದನ್ನು ಲಕ್ಷದಲ್ಲಿ ಬರೆಯುತ್ತವೆ, ಸೂತ್ರಕ್ಕೆ ಬೇಕಾದದ್ದು ಸಾವಿರದಲ್ಲಿ. 1.8 ಲಕ್ಷ ಎಂದಿದ್ದರೆ 180 ಎಂದು ಹಾಕಬೇಕು. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 1.8 ಎಂದು ಒತ್ತಿ, 1.6ರ ಬದಲು ಬಂದ 160 ಎಂಬ ಉತ್ತರ ನೋಡಿ ಗಾಬರಿಯಾಗುವುದು ಇದರಿಂದಲೇ. ಎರಡನೇ ತಪ್ಪು, ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿಯನ್ನು ಅದಲುಬದಲು ಹಾಕುವುದು.

ಒಂದು ಉದಾಹರಣೆ. ವಯಸ್ಸು 48, ಎಸ್‌ಜಿಒಟಿ 42, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 1.8 ಲಕ್ಷ. ಮೇಲಿನದು 48 × 42 = 2016. 49ರ ವರ್ಗಮೂಲ 7, ಕೆಳಗಿನದು 180 × 7 = 1260. ಉತ್ತರ 1.6. ಅದೇ ವಯಸ್ಸಿನ ಇನ್ನೊಬ್ಬರಿಗೆ ಎಸ್‌ಜಿಒಟಿ 30, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 2.5 ಲಕ್ಷ ಇದ್ದರೆ 1440ನ್ನು 1500ರಿಂದ ಭಾಗಿಸಿ 0.96.

1.3ಕ್ಕಿಂತ ಕಡಿಮೆ ಬಂದರೆ ಮುಂದುವರಿದ ನಾರು ಇರುವ ಸಾಧ್ಯತೆ ಕಡಿಮೆ. 2.67ಕ್ಕಿಂತ ಹೆಚ್ಚಾದರೆ ತಜ್ಞರ ಹತ್ತಿರ ಹೋಗಬೇಕು. ನಡುವಿನದು ಅನುಮಾನದ ಪಟ್ಟಿ, ಎರಡನೇ ಪರೀಕ್ಷೆ ಬೇಕು. ಮೇಲಿನ ಮೊದಲನೆಯವರು ಆ ಪಟ್ಟಿಯಲ್ಲಿದ್ದಾರೆ, ಎರಡನೆಯವರು ಸದ್ಯಕ್ಕೆ ನಿಶ್ಚಿಂತೆ. ಶುಗರ್ ಇದ್ದವರು, ಅಥವಾ ಬೊಜ್ಜಿನ ಜೊತೆ ಬಿಪಿ, ಟ್ರೈಗ್ಲಿಸರೈಡ್ ಎಂದು ಎರಡು ಮೂರು ತೊಂದರೆ ಇದ್ದವರು ಒಂದೆರಡು ವರ್ಷಕ್ಕೊಮ್ಮೆ ಈ ಲೆಕ್ಕ ಮತ್ತೆ ಹಾಕಿಸಬೇಕು. ಉಳಿದವರಿಗೆ ಎರಡು ಮೂರು ವರ್ಷಕ್ಕೊಮ್ಮೆ ಸಾಕು.

ಈ ನಾಲ್ಕೇ ಅಂಕಿಗಳು ಯಾಕೆ? ನಾರು ವರ್ಷಗಳ ಕೂಡಿಕೆ, ಆದ್ದರಿಂದ ವಯಸ್ಸು. ನಾರು ಹೆಚ್ಚಾದಂತೆ ಎಸ್‌ಜಿಒಟಿಯನ್ನು ರಕ್ತದಿಂದ ತೆಗೆಯುವ ಲಿವರಿನ ಶಕ್ತಿ ಕುಂದಿ, ಅದು ಎಸ್‌ಜಿಪಿಟಿಯನ್ನು ಹಿಂದಿಕ್ಕುತ್ತದೆ. ಲಿವರ್ ಗಟ್ಟಿಯಾದಾಗ ಅದರೊಳಗೆ ಹರಿಯಬೇಕಾದ ರಕ್ತ ಹಿಂದೆ ಒತ್ತಿ ಗುಲ್ಮ (ಸ್ಪ್ಲೀನ್) ಊದುತ್ತದೆ, ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಪ್ಲೇಟ್‌ಲೆಟ್ ತಯಾರಿಸಲು ಮಜ್ಜೆಗೆ ಹೇಳುವ ಹಾರ್ಮೋನನ್ನು ಲಿವರೇ ಮಾಡುವುದರಿಂದ ಅದೂ ಕಡಿಮೆಯಾಗುತ್ತದೆ. ವರ್ಷದಿಂದ ವರ್ಷಕ್ಕೆ 2.6, 2.1, 1.6 ಲಕ್ಷ ಎಂದು ಇಳಿಯುತ್ತಿರುವ ಪ್ಲೇಟ್‌ಲೆಟ್ ಪ್ರತಿ ಸಲವೂ ‘ನಾರ್ಮಲ್’ ಎಂದೇ ಅಚ್ಚಾಗಿರುತ್ತದೆ. ಹಳೆಯ ರಿಪೋರ್ಟುಗಳನ್ನು ಎಸೆಯಬಾರದು ಎನ್ನುವುದು ಇದಕ್ಕೇ.

ಲೆಕ್ಕ ಸುಳ್ಳು ಹೇಳುವ ಸಂದರ್ಭಗಳು

ನಮ್ಮ ಭಾಗದಲ್ಲಿ ಮೊದಲ ಸ್ಥಾನ ಡೆಂಗಿಗೆ. ಮಳೆಗಾಲದ ಜ್ವರದಲ್ಲಿ ಪ್ಲೇಟ್‌ಲೆಟ್ ಕುಸಿಯುತ್ತದೆ, ಎಸ್‌ಜಿಒಟಿ ಏರುತ್ತದೆ, ಎರಡೂ ಫಿಬ್-4ನ್ನು ಮೇಲಕ್ಕೆ ಎಳೆಯುತ್ತವೆ. ಅದೇ 48 ವಯಸ್ಸಿನವರಿಗೆ ಡೆಂಗಿಯಲ್ಲಿ ಎಸ್‌ಜಿಒಟಿ 120, ಎಸ್‌ಜಿಪಿಟಿ 100, ಪ್ಲೇಟ್‌ಲೆಟ್ 60 ಸಾವಿರ ಇದ್ದರೆ ಉತ್ತರ 9.6. ಸಿರೋಸಿಸ್ ಇದ್ದವರನ್ನೂ ಮೀರಿಸುವ ಅಂಕಿ, ಲಿವರಿನಲ್ಲಿ ನಾರಿನ ಎಳೆಯೂ ಇಲ್ಲದಿರಬಹುದು. ಮಲೇರಿಯಾ, ಟೈಫಾಯ್ಡ್, ಕಾಮಣಿಗಳಲ್ಲೂ ಇದೇ ಕಥೆ. ಜ್ವರದ ವಾರದ ರಿಪೋರ್ಟನ್ನು ಈ ಲೆಕ್ಕಕ್ಕೆ ಬಳಸಲೇಬಾರದು. ಪೂರ್ತಿ ಚೇತರಿಸಿಕೊಂಡು ಒಂದೆರಡು ತಿಂಗಳಾದ ಮೇಲೆ ತೆಗೆದ ರಕ್ತ ಸರಿ.

ಎರಡನೆಯದು ಟ್ಯೂಬಿನೊಳಗಿನ ಎಡವಟ್ಟು. ಸಿಬಿಸಿಗೆ ನೇರಳೆ ಮುಚ್ಚಳದ ಟ್ಯೂಬ್ ಬಳಸುತ್ತಾರೆ. ಕೆಲವರ ಪ್ಲೇಟ್‌ಲೆಟ್‌ಗಳು ಅದರಲ್ಲಿನ ಇಡಿಟಿಎ ರಾಸಾಯನಿಕಕ್ಕೆ ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಯಂತ್ರ ಗುಂಪನ್ನು ಎಣಿಸಲಾಗದೆ ‘90 ಸಾವಿರ’ ಎನ್ನುತ್ತದೆ. ಆರೋಗ್ಯವಾಗಿ ಓಡಾಡುತ್ತಿರುವವರಿಗೆ ಇದ್ದಕ್ಕಿದ್ದಂತೆ ಕಡಿಮೆ ಪ್ಲೇಟ್‌ಲೆಟ್ ಬಂದರೆ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿರಿ ಎಂದು ಕೇಳಬೇಕು. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸುವುದೂ ಒಂದು ದಾರಿ, ಬಂದ ಅಂಕಿಯನ್ನು 1.1ರಿಂದ ಗುಣಿಸಬೇಕು. ಸಿಟ್ರೇಟ್ ದ್ರವದಿಂದ ರಕ್ತ ತುಸು ತೆಳುವಾಗಿರುತ್ತದೆ.

ದಪ್ಪ ಕೈಯಲ್ಲಿ ನರ ಸಿಗದೆ ಸೂಜಿ ಹೊರಳಿಸಿ, ಸಿರಿಂಜನ್ನು ಜೋರಾಗಿ ಎಳೆದಾಗ ಕೆಂಪು ರಕ್ತಕಣಗಳು ಒಡೆಯುತ್ತವೆ. ಅವುಗಳೊಳಗೂ ಎಸ್‌ಜಿಒಟಿ ಇದೆ. ರಿಪೋರ್ಟಿನಲ್ಲಿ ‘ಹೀಮೊಲೈಸ್ಡ್ ಸ್ಯಾಂಪಲ್’ ಎಂದಿದ್ದರೆ ಆ ಎಸ್‌ಜಿಒಟಿಯನ್ನು ನಂಬಬೇಡಿ, ಮರುದಿನ ಬೇರೆ ಕೈಯಿಂದ ತೆಗೆಸಿ. ಮಾಂಸಖಂಡದಲ್ಲೂ ಎಸ್‌ಜಿಒಟಿ ಇರುವುದರಿಂದ ತೂಕ ಇಳಿಸಲೆಂದು ಜಿಮ್ಮಿಗೆ ಹೊಸದಾಗಿ ಸೇರಿದವರು ಭಾರ ಎತ್ತಿದ ಮಾರನೇ ದಿನ ರಕ್ತ ಕೊಟ್ಟರೆ ಅಂಕಿ ಏರಿರುತ್ತದೆ. ಒಂದು ವಾರ ಜೋರಾದ ಕಸರತ್ತು ಬಿಟ್ಟು ಕೊಡುವುದು ಒಳ್ಳೆಯದು. ಕ್ಷಯದ ಮಾತ್ರೆಗಳೂ ಎರಡೂ ಕಿಣ್ವಗಳನ್ನು ಏರಿಸಬಲ್ಲವು. ಗಿಡಮೂಲಿಕೆ ಕಷಾಯಗಳೂ ಅಷ್ಟೇ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದಲ್ಲೇ ವರದಿಯಾಗಿವೆ. ‘ಲಿವರಿಗೆ ಒಳ್ಳೇದು’ ಎಂದು ಕುಡಿಯುತ್ತಿರುವುದನ್ನೂ ವೈದ್ಯರಿಗೆ ಹೇಳಬೇಕು.

ವಯಸ್ಸು ಸೂತ್ರದೊಳಗೇ ಇರುವುದರಿಂದ ಎರಡೂ ತುದಿಯಲ್ಲಿ ತಪ್ಪು ಬರುತ್ತದೆ. 65 ದಾಟಿದವರಲ್ಲಿ ಎಲ್ಲ ಸರಿ ಇದ್ದರೂ 1.3 ಸುಲಭವಾಗಿ ಮೀರುತ್ತದೆ, ಅವರಿಗೆ ಕೆಳಮಿತಿ 2.0. 35ರ ಒಳಗಿನವರಲ್ಲಿ ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ, ಇದು ಹೆಚ್ಚು ಅಪಾಯದ್ದು. 28 ವರ್ಷ, 105 ಕಿಲೋ ತೂಕದ ಯುವಕನಿಗೆ ಎಸ್‌ಜಿಒಟಿ 60, ಎಸ್‌ಜಿಪಿಟಿ 100, ಪ್ಲೇಟ್‌ಲೆಟ್ 2.5 ಲಕ್ಷ ಇದೆ ಎನ್ನಿ. ಫಿಬ್-4 ಬರುವುದು 0.67. ಲೆಕ್ಕ ‘ಚಿಂತೆ ಇಲ್ಲ’ ಎನ್ನುತ್ತದೆ, ಎಸ್‌ಜಿಪಿಟಿ 100 ಎಂಬುದು ಬೇರೆಯೇ ಹೇಳುತ್ತದೆ. ಇಂಥವರಿಗೆ ಫಿಬ್-4 ಬದಿಗಿಟ್ಟು, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೊಸ್ಕ್ಯಾನಿಗೆ ನೇರವಾಗಿ ಕಳಿಸುವುದು ಸರಿ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯೂ ಆಗಬೇಕು, ದಪ್ಪ ಇದ್ದ ಮಾತ್ರಕ್ಕೆ ಎಸ್‌ಜಿಪಿಟಿ ಏರಿಕೆ ಕೊಬ್ಬಿನದೇ ಎಂದು ತೀರ್ಮಾನಿಸಲಾಗದು.

ಬೊಜ್ಜೇ ಕೆಡಿಸುವ ಸೂತ್ರ

ಎನ್‌ಎಎಫ್‌ಎಲ್‌ಡಿ ಫೈಬ್ರೋಸಿಸ್ ಸ್ಕೋರ್ ಎಂಬ ಇನ್ನೊಂದು ಲೆಕ್ಕದಲ್ಲಿ ಆಲ್ಬುಮಿನ್, ಶುಗರ್ ಇದೆಯೇ ಇಲ್ಲವೇ ಎಂಬುದು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಕೂಡ ಸೇರುತ್ತವೆ. ಬಿಎಂಐ 40ರ ಹತ್ತಿರ ಇದ್ದವರಲ್ಲಿ ತೂಕವೇ ಸ್ಕೋರನ್ನು ಮೇಲೆತ್ತಿ, ಇಲ್ಲದ ನಾರನ್ನು ಇದೆ ಎಂದು ತೋರಿಸಬಹುದು. ತೀವ್ರ ಸ್ಥೂಲಕಾಯದವರಿಗೆ ಫಿಬ್-4 ಮೇಲು ಎನ್ನುವುದು ಇದಕ್ಕೆ. ಫ್ಯಾಟಿ ಲಿವರ್ ಇಂಡೆಕ್ಸ್ ಎಂಬುದು ಬಿಎಂಐ, ಸೊಂಟದ ಸುತ್ತಳತೆ, ಟ್ರೈಗ್ಲಿಸರೈಡ್ ಮತ್ತು ಜಿಜಿಟಿ ಎಂಬ ಇನ್ನೊಂದು ಕಿಣ್ವದಿಂದ ಕೊಬ್ಬು ಇದೆಯೇ ಎಂದು ಊಹಿಸುತ್ತದೆ. ದಪ್ಪ ಮೈಯವರಲ್ಲಿ ಬಹುಪಾಲು ಎಲ್ಲರಿಗೂ ‘ಇದೆ’ ಎಂದೇ ಬರುವುದರಿಂದ ಅವರಿಗೆ ಉಪಯೋಗ ಕಡಿಮೆ.

ಅಂದಹಾಗೆ, ಭಾರತೀಯರಿಗೆ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಟೇಪನ್ನು ಪ್ಯಾಂಟಿನ ಬೆಲ್ಟಿನ ಜಾಗದಲ್ಲಲ್ಲ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ, ಬಟ್ಟೆ ಸರಿಸಿ, ಉಸಿರು ಬಿಟ್ಟಾಗ ಹಿಡಿಯಬೇಕು.

ಎರಡನೇ ಮೆಟ್ಟಿಲು

ಫಿಬ್-4 ಅನುಮಾನದ ಪಟ್ಟಿಯಲ್ಲಿ ಬಂದವರಿಗೆ ಫೈಬ್ರೊಸ್ಕ್ಯಾನ್. ಪಕ್ಕೆಲುಬುಗಳ ನಡುವೆ ಸಣ್ಣ ಕಂಪನ ಕೊಟ್ಟು, ಅದು ಲಿವರಿನಲ್ಲಿ ಎಷ್ಟು ವೇಗವಾಗಿ ಸಾಗುತ್ತದೆ ಎಂದು ಅಳೆಯುತ್ತದೆ. ಗಟ್ಟಿಯಾದಷ್ಟೂ ವೇಗ ಹೆಚ್ಚು. 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಬಂದರೆ ಮುಂದುವರಿದ ನಾರಿನ ಸಾಧ್ಯತೆ ಕಡಿಮೆ, 12 ಮೀರಿದರೆ ಹೆಚ್ಚು. ಮೂರು ಗಂಟೆ ಏನೂ ತಿಂದಿರಬಾರದು. ಚರ್ಮದಿಂದ ಲಿವರಿಗೆ 25 ಮಿಲಿಮೀಟರ್‌ಗಿಂತ ಹೆಚ್ಚು ದೂರ ಇರುವವರಿಗೆ ದಪ್ಪ ಮೈಗೆಂದೇ ಮಾಡಿದ ಎಕ್ಸ್‌ಎಲ್ ಪ್ರೋಬ್ (ಮೈಗೆ ಹಿಡಿಯುವ ಉಪಕರಣ) ಬೇಕು. ಮಾಮೂಲಿ ಪ್ರೋಬಿನಲ್ಲಿ ಮಾಡಿದರೆ ಅಳತೆ ಸಿಗದೇ ಹೋಗಬಹುದು, ಇಲ್ಲವೇ ಇದ್ದದ್ದಕ್ಕಿಂತ ಗಟ್ಟಿ ಎಂದು ಬರಬಹುದು. ಹೆಸರು ನೋಂದಾಯಿಸುವಾಗಲೇ ಎಕ್ಸ್‌ಎಲ್ ಪ್ರೋಬ್ ಇದೆಯೇ ಎಂದು ಫೋನಿನಲ್ಲಿ ಕೇಳಿಕೊಂಡರೆ ಒಂದು ಓಡಾಟ ಉಳಿಯುತ್ತದೆ.

ರಕ್ತದಲ್ಲೇ ಎರಡನೇ ಮೆಟ್ಟಿಲು ಇಎಲ್‌ಎಫ್. ಇದು ಸೋರಿಕೆಯನ್ನು ಬಿಟ್ಟು, ನಾರು ಹೆಣೆಯುವ ಮತ್ತು ಕರಗಿಸುವ ಕೆಲಸದಲ್ಲಿ ಹೊರಬೀಳುವ ಮೂರು ವಸ್ತುಗಳನ್ನು ಅಳೆಯುತ್ತದೆ: ಹಯಲುರೋನಿಕ್ ಆಮ್ಲ, ಮೂರನೇ ಬಗೆಯ ಕೊಲಾಜನ್‌ನ ಒಂದು ತುಣುಕು, ಟಿಂಪ್-1 ಎಂಬ ಪ್ರೋಟೀನ್. 9.8 ಮೀರಿದರೆ ಮುಂದುವರಿದ ನಾರಿನ ಶಂಕೆ, 11.3 ಮೀರಿದರೆ ಸಿರೋಸಿಸ್ ತೊಡಕುಗಳ ಅಪಾಯ ಹೆಚ್ಚು. ಇವು ಲಿವರಿನಿಂದಷ್ಟೇ ಬರುವಂಥವಲ್ಲ, ಸಂಧಿವಾತ ಜೋರಿದ್ದಾಗಲೂ ಏರುತ್ತವೆ. ನಮ್ಮಲ್ಲಿ ಇದು ಮಾಮೂಲಿ ಲ್ಯಾಬಿನ ಪರೀಕ್ಷೆಯಾಗಿಲ್ಲ. ಸಾಯುವ ಲಿವರ್ ಕೋಶದಿಂದ ಬರುವ ಸಿಕೆ-18, ಕೊಲಾಜನ್ ಹೊಸದಾಗಿ ಹೆಣೆಯುವಾಗ ಬೀಳುವ ಪ್ರೊ-ಸಿ3, 2008ರಲ್ಲಿ ಗುರುತಿಸಿದ ಪಿಎನ್‌ಪಿಎಲ್‌ಎ3 ಎಂಬ ಜೀನಿನ ವ್ಯತ್ಯಾಸ ಇವೆಲ್ಲ ಹೆಚ್ಚಾಗಿ ಸಂಶೋಧನೆಯ ಅಂಗಳದಲ್ಲಿವೆ. ಯಾರಾದರೂ ಹೆಲ್ತ್ ಪ್ಯಾಕೇಜಿನಲ್ಲಿ ಮಾರಲು ಬಂದರೆ, ಫಿಬ್-4 ಹೇಳದ ಏನನ್ನು ಇದು ಹೇಳುತ್ತದೆ, ಅದರಿಂದ ಚಿಕಿತ್ಸೆ ಏನು ಬದಲಾಗುತ್ತದೆ ಎಂದು ಕೇಳಿ.

ಚೂರು ತೆಗೆದು ನೋಡುವ ಬಯಾಪ್ಸಿ ಇನ್ನೂ ಕೊನೆಯ ಮಾತು. ಅದರಲ್ಲಿ ಬರುವುದು ಇಡೀ ಲಿವರಿನ ಸುಮಾರು 50,000ದಲ್ಲಿ ಒಂದು ಭಾಗ ಮಾತ್ರ, ಆದ್ದರಿಂದ ಅದಕ್ಕೂ ತಪ್ಪು ತಪ್ಪಿದ್ದಲ್ಲ.

ಕುಡಿತದ ಲೆಕ್ಕ ಮುಚ್ಚಿಟ್ಟರೆ

ಎಂಎಎಸ್‌ಎಲ್‌ಡಿ ಎನ್ನಲು ಗಂಡಸರಲ್ಲಿ ದಿನಕ್ಕೆ 30 ಗ್ರಾಂ, ಹೆಂಗಸರಲ್ಲಿ 20 ಗ್ರಾಂ ಆಲ್ಕೋಹಾಲ್ ಮೀರಿರಬಾರದು. 30 ಮಿಲಿ ವಿಸ್ಕಿಯಲ್ಲಿ ಸುಮಾರು 10 ಗ್ರಾಂ, ಒಂದು ಕ್ವಾರ್ಟರಿನಲ್ಲಿ 60 ಗ್ರಾಂ ಇರುತ್ತದೆ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 40 ಗ್ರಾಂ. ‘ಬರೀ ಬಿಯರ್’ ಎನ್ನುವವರೂ ಒಂದೇ ಬಾಟಲಿಯಲ್ಲಿ ಗೆರೆ ದಾಟಿರುತ್ತಾರೆ. ಎಸ್‌ಜಿಒಟಿಯು ಎಸ್‌ಜಿಪಿಟಿಯ ಎರಡರಷ್ಟನ್ನು ಮೀರಿದ್ದರೆ ವೈದ್ಯರಿಗೆ ಮೊದಲು ಬರುವ ಅನುಮಾನ ಕುಡಿತದ್ದೇ.

ತೂಕ ಇಳಿದ ಮೇಲೆ ಅಂಕಿ ಏರಿದರೆ

ಮೈತೂಕದ ಶೇ 5ರಷ್ಟು ಇಳಿದರೆ ಲಿವರಿನ ಕೊಬ್ಬು ಕಡಿಮೆಯಾಗುತ್ತದೆ, ಶೇ 7ರಿಂದ 10ಕ್ಕೆ ಉರಿಯೂತ ತಗ್ಗುತ್ತದೆ, ಶೇ 10 ದಾಟಿದರೆ ನಾರೂ ಹಿಂದೆ ಸರಿಯುವ ಸಾಧ್ಯತೆ ಇದೆ. 90 ಕಿಲೋದವರಿಗೆ ಇವು ನಾಲ್ಕೂವರೆ, ಆರರಿಂದ ಒಂಬತ್ತು, ಒಂಬತ್ತಕ್ಕಿಂತ ಹೆಚ್ಚು ಕಿಲೋ.

ಹೀಗೆ ಶ್ರಮಪಟ್ಟು ಇಳಿಸಿದವರನ್ನು ಫಿಬ್-4 ಕೆಲವೊಮ್ಮೆ ಬೇಸ್ತು ಬೀಳಿಸುತ್ತದೆ. 45 ವಯಸ್ಸಿನವರಿಗೆ ಮೊದಲು ಎಸ್‌ಜಿಒಟಿ 40, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.2 ಲಕ್ಷ ಇತ್ತು, ಉತ್ತರ 1.02. ತೂಕ ಇಳಿದ ಮೇಲೆ ಎಸ್‌ಜಿಒಟಿ 28, ಎಸ್‌ಜಿಪಿಟಿ 25, ಪ್ಲೇಟ್‌ಲೆಟ್ ಅಷ್ಟೇ. ಎರಡೂ ಕಿಣ್ವ ಚೆನ್ನಾಗಿ ಇಳಿದಿವೆ, ಉತ್ತರ ಮಾತ್ರ 1.15ಕ್ಕೆ ಏರಿತು. ಎಸ್‌ಜಿಪಿಟಿ ಭಾಗಿಸುವ ಕಡೆ ಕೂತಿರುವುದರಿಂದ ಅದು ಎಸ್‌ಜಿಒಟಿಗಿಂತ ಬೇಗ ಇಳಿದಾಗ ಹೀಗಾಗುತ್ತದೆ. ನಾರು ಹೆಚ್ಚಿದೆ ಎಂದು ಇದರ ಅರ್ಥವಲ್ಲ. ಫಿಬ್-4 ಜನರನ್ನು ಸೋಸಲು ಮಾಡಿದ ಲೆಕ್ಕ, ಆರು ತಿಂಗಳ ಚಿಕಿತ್ಸೆಗೆ ಅಂಕ ಕೊಡಲು ಅಲ್ಲ. ತೂಕ ಇಳಿಸುತ್ತಿರುವವರು ನೋಡಬೇಕಾದದ್ದು ತಕ್ಕಡಿ, ಸೊಂಟದ ಟೇಪು, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್), ಟ್ರೈಗ್ಲಿಸರೈಡ್ ಮತ್ತು ಬಿಡಿಬಿಡಿಯಾಗಿ ಎಸ್‌ಜಿಪಿಟಿ. ಫ್ಯಾಟಿ ಲಿವರ್ ಇದ್ದವರಲ್ಲಿ ಹೆಚ್ಚು ಜನರ ಪ್ರಾಣ ತೆಗೆಯುವುದು ಹೃದಯದ ಕಾಯಿಲೆ, ಆದ್ದರಿಂದ ಬಿಪಿ ಮತ್ತು ಕೊಲೆಸ್ಟರಾಲ್ ಕೂಡ. ಕೊಲೆಸ್ಟರಾಲಿಗೆ ವೈದ್ಯರು ಬರೆದ ಸ್ಟ್ಯಾಟಿನ್ ಮಾತ್ರೆಯನ್ನು ‘ಲಿವರ್ ಅದಾ’ ಎಂಬ ಹೆದರಿಕೆಯಿಂದ ತಾವಾಗಿ ಬಿಡುವವರಿದ್ದಾರೆ. ಫ್ಯಾಟಿ ಲಿವರ್ ಒಂದೇ ಆ ಮಾತ್ರೆ ನಿಲ್ಲಿಸಲು ಕಾರಣವಲ್ಲ.